ಮನೆಗೂ ಬೇಕು ತಪಾಸಣೆ, ತಪಾಸಿಸುವವರಿಗೂ ಬೇಕು ಲೈಸೆನ್ಸ್

ಬಂಗುಡೆ ಕೊಳ್ಳುವಾಗ ನೀವು ಕಿವಿರು ಎತ್ತಿ ನೋಡುತ್ತೀರಿ. ಕೆಂಪಗಿದ್ದರೆ ಮಾತ್ರ ಚೀಲಕ್ಕೆ ಹಾಕಿಸಿಕೊಳ್ಳುತ್ತೀರಿ. ತೆಂಗಿನಕಾಯಿಯನ್ನು ಕಿವಿಯ ಬಳಿ ಅಲುಗಾಡಿಸಿ ನೋಡುತ್ತೀರಿ. ಮಗಳ ಮದುವೆಗೆ ಬಟ್ಟೆ ತೆಗೆಯುವಾಗ ಅಂಗಡಿಯ ದೀಪವನ್ನು ನಂಬದೆ ಬಾಗಿಲ ಬಳಿ ಬಂದು ಹಗಲು ಬೆಳಕಿಗೆ ಹಿಡಿದು ಬಣ್ಣ ಪರೀಕ್ಷಿಸುತ್ತೀರಿ. ಚಿನ್ನವಾದರೆ ಹಾಲ್‌ಮಾರ್ಕ್ ಎಲ್ಲಿದೆ ಎಂದು ಕೇಳುತ್ತೀರಿ. ಇದೆಲ್ಲ ಒಳ್ಳೆಯ ಗೃಹಿಣಿಯ ಲಕ್ಷಣ.

ಆದರೆ ಮನೆ ಕೊಳ್ಳುವಾಗ? ಪತಿ ವರ್ಷಗಟ್ಟಲೆ ವಿದೇಶದಲ್ಲಿ ದುಡಿದು ಕೂಡಿಸಿದ ಹಣ, ನಿಮ್ಮ ಒಡವೆ ಮಾರಿದ ಹಣ, ಅಣ್ಣ ತಮ್ಮಂದಿರಿಂದ ಪಡೆದ ಸಾಲ, ಎಲ್ಲವೂ ಸೇರಿ ಹೋಗುವುದು ಆ ಒಂದೇ ವ್ಯಾಪಾರಕ್ಕೆ. ಆಗ ನಾವು ನೋಡುವುದೇನು? ಹಾಲ್ ದೊಡ್ಡದಿದೆಯೇ, ಅಡುಗೆ ಮನೆಗೆ ಗಾಳಿ ಬೆಳಕು ಇದೆಯೇ, ಮಸೀದಿ ಮತ್ತು ಶಾಲೆ ಹತ್ತಿರವಿದೆಯೇ ಎಂದು. ಕಾಗದ ಪತ್ರ ನೋಡಲು ವಕೀಲರಿದ್ದಾರೆ. ಗೋಡೆ, ಛಾವಣಿ, ನೀರಿನ ಪೈಪು, ವಿದ್ಯುತ್ ತಂತಿ ಇವನ್ನು ನೋಡಲು ಯಾರಿದ್ದಾರೆ? ಹೊಸ ಬಣ್ಣದ ವಾಸನೆಯಲ್ಲಿ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ. ಮೊದಲ ಮಳೆಗಾಲ ಬಂದಾಗ ಗೋಡೆ ತನ್ನ ಕಥೆ ಹೇಳಲು ಶುರು ಮಾಡುತ್ತದೆ. ಅಷ್ಟರಲ್ಲಿ ಹಣ ಕೈದಾಟಿರುತ್ತದೆ.

ಈ ಒಂದು ಕೆಲಸಕ್ಕಾಗಿಯೇ ಅಮೇರಿಕದಲ್ಲಿ ಪ್ರತ್ಯೇಕವಾದ ವೃತ್ತಿಯೊಂದು ಬೆಳೆದಿದೆ. ಅದರ ಹೆಸರು ಹೋಮ್ ಇನ್‌ಸ್ಪೆಕ್ಟರ್, ಅಂದರೆ ಮನೆ ತಪಾಸಿಸುವವರು. ಈ ಕೆಲಸಕ್ಕೆ ಅಲ್ಲಿನ ಬಹುತೇಕ ರಾಜ್ಯಗಳಲ್ಲಿ ಲೈಸೆನ್ಸ್ ಬೇಕು. ನಿಮ್ಮ ಮಗಳೋ ಸೊಸೆಯೋ ತಂಗಿಯೋ ಅಲ್ಲಿ ನೆಲೆಸಿದ್ದು ಯಾವ ಕೆಲಸ ಕಲಿಯಲಿ ಎಂದು ಯೋಚಿಸುತ್ತಿದ್ದರೆ ಈ ಮಾಹಿತಿ ಅವರಿಗೆ ನೇರವಾಗಿ ಉಪಯೋಗವಾದೀತು. ಇಲ್ಲಿಯೇ ಇರುವ ನಿಮಗೆ, ಮನೆ ಕೊಳ್ಳುವ ಮುನ್ನ ಏನು ನೋಡಬೇಕು, ಯಾರ ಮಾತನ್ನು ಎಷ್ಟು ನಂಬಬೇಕು ಎಂಬುದನ್ನು ಕಲಿಸೀತು.

ಯಾರು ಈ ಹೋಮ್ ಇನ್‌ಸ್ಪೆಕ್ಟರ್?

ಅಮೇರಿಕದಲ್ಲಿ ಮನೆಯ ಬೆಲೆ ಮಾತಾಗಿ ಕರಾರು ಆದ ಮೇಲೆ ಕೊಳ್ಳುವವರಿಗೆ ಸಾಮಾನ್ಯವಾಗಿ ಕೆಲವು ದಿನಗಳ ಗಡುವು ಇರುತ್ತದೆ. ಆ ದಿನಗಳೊಳಗೆ ಅವರು ತಮ್ಮ ಖರ್ಚಿನಲ್ಲಿ ಒಬ್ಬ ಇನ್‌ಸ್ಪೆಕ್ಟರನ್ನು ಕರೆಸಿ ಮನೆಯನ್ನು ತೋರಿಸುತ್ತಾರೆ. ಶುಲ್ಕ ಸಾಮಾನ್ಯವಾಗಿ 300ರಿಂದ 500 ಡಾಲರ್. ಮನೆ ದೊಡ್ಡದಾದರೆ ಇನ್ನೂ ಹೆಚ್ಚು. ಇನ್‌ಸ್ಪೆಕ್ಟರ್ ಎರಡರಿಂದ ನಾಲ್ಕು ಗಂಟೆ ಮನೆಯನ್ನೆಲ್ಲ ಸುತ್ತಿ ನೋಡಿ, ಫೋಟೋ ಸಮೇತ ಲಿಖಿತ ವರದಿ ಕೊಡುತ್ತಾರೆ. ವರದಿಯಲ್ಲಿ ದೊಡ್ಡ ದೋಷ ಕಂಡುಬಂದರೆ ಕೊಳ್ಳುವವರು ರಿಪೇರಿ ಮಾಡಿಸಿ ಕೊಡಿ ಎನ್ನಬಹುದು, ಬೆಲೆ ಇಳಿಸಿ ಎನ್ನಬಹುದು, ಕರಾರಿನಲ್ಲಿ ಆ ಷರತ್ತು ಬರೆದಿದ್ದರೆ ವ್ಯಾಪಾರವನ್ನೇ ಬಿಟ್ಟು ಮುಂಗಡ ಹಣ ವಾಪಸು ಪಡೆಯಬಹುದು.

ಇವರು ಸರಕಾರಿ ನೌಕರರಲ್ಲ ಎಂಬುದನ್ನು ಗಮನಿಸಿ. ನಗರಸಭೆಯ ಇನ್‌ಸ್ಪೆಕ್ಟರ್ ಬೇರೆ. ಅವರು ಮನೆ ಕಟ್ಟುವಾಗ ನಿಯಮ ಪಾಲನೆ ಆಗಿದೆಯೇ ಎಂದು ನೋಡುತ್ತಾರೆ. ಮನೆಗೆ ಇಂತಿಷ್ಟು ಬೆಲೆ ಎಂದು ಬ್ಯಾಂಕಿಗೆ ಹೇಳುವವರೂ ಬೇರೆ. ಹೋಮ್ ಇನ್‌ಸ್ಪೆಕ್ಟರ್ ಹಣ ಕೊಟ್ಟು ಕರೆಸಿದವರಿಗಾಗಿ ಮನೆಯ ಸ್ಥಿತಿಯನ್ನು ಹೇಳುವವರು. ಅಮೇರಿಕದ ಹೋಮ್ ಇನ್‌ಸ್ಪೆಕ್ಟರುಗಳ ದೊಡ್ಡ ಸಂಘವೊಂದು 1976ರಲ್ಲಿ ಸ್ಥಾಪನೆಯಾಯಿತು. ವೃತ್ತಿ ಒಂದು ಶಿಸ್ತಿಗೆ ಬಂದದ್ದು ಆ ಕಾಲದಲ್ಲಿ. ಟೆಕ್ಸಾಸ್ ರಾಜ್ಯ 1980ರ ದಶಕದಲ್ಲೇ ಇವರನ್ನು ಕಾನೂನಿನ ಚೌಕಟ್ಟಿಗೆ ತಂದಿತು. ಆಮೇಲೆ ಒಂದೊಂದೇ ರಾಜ್ಯ ಅದೇ ದಾರಿ ಹಿಡಿಯಿತು. ಇಂದು 30ಕ್ಕಿಂತ ಹೆಚ್ಚು ರಾಜ್ಯಗಳಲ್ಲಿ ಇದಕ್ಕೆ ಕಾನೂನಿದೆ. ಕೆನಡಾದಲ್ಲಿ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯ 2009ರಲ್ಲಿ ಮೊದಲು ಲೈಸೆನ್ಸ್ ಕಡ್ಡಾಯ ಮಾಡಿತು.

ಮೂರು ಗಂಟೆಯಲ್ಲಿ ಏನೇನು ನೋಡುತ್ತಾರೆ?

ಅಲ್ಲಿನ ಮನೆಗಳು ಹೆಚ್ಚಾಗಿ ಮರದ ಚೌಕಟ್ಟಿನವು. ನಮ್ಮಲ್ಲಿ ನೀರು ಸೋರಿದರೆ ಗೋಡೆಗೆ ಪಾಚಿ ಕಟ್ಟೀತು, ಸುಣ್ಣ ಉದುರೀತು. ಅಲ್ಲಿ ನೀರು ಸೋರಿದರೆ ಮನೆಯ ಎಲುಬೇ ಕೊಳೆಯುತ್ತದೆ. ಆದ್ದರಿಂದ ಇನ್‌ಸ್ಪೆಕ್ಟರ್ ನೀರಿನ ಜಾಡು ಹಿಡಿದೇ ಹೊರಡುತ್ತಾರೆ. ಮೊದಲು ಮನೆಯ ಸುತ್ತ ಒಂದು ಸುತ್ತು. ಮಳೆ ನೀರು ಮನೆಯಿಂದ ದೂರ ಹರಿಯುತ್ತದೆಯೇ, ಅಡಿಪಾಯದ ಬುಡಕ್ಕೇ ಬಂದು ನಿಲ್ಲುತ್ತದೆಯೇ? ನಂತರ ಏಣಿ ಇಟ್ಟು ಛಾವಣಿ. ಆಮೇಲೆ ಟಾರ್ಚ್ ಹಿಡಿದು ಅಟ್ಟ. ಅಲ್ಲಿ ಮರದ ಮೇಲೆ ಕಪ್ಪು ಕಲೆಯಿದ್ದರೆ ಮೇಲಿನಿಂದ ನೀರು ಇಳಿದಿದೆ ಎಂದರ್ಥ. ಆಮೇಲೆ ನೆಲಮಾಳಿಗೆ. ಅದಿಲ್ಲದ ಮನೆಯಾದರೆ ನೆಲದಡಿಯ ತಗ್ಗು ಜಾಗದಲ್ಲಿ ತೆವಳಿಕೊಂಡು ಹೋಗಿ ನೋಡಬೇಕು.

ವಿದ್ಯುತ್ತಿನ ಮೇನ್ ಬೋರ್ಡಿನ ಮುಚ್ಚಳ ತೆಗೆದು ತಂತಿ ನೋಡುತ್ತಾರೆ. ಸುಮಾರು 1965ರಿಂದ 1973ರ ನಡುವೆ ಕಟ್ಟಿದ ಅನೇಕ ಮನೆಗಳಲ್ಲಿ ತಾಮ್ರದ ಬದಲು ಅಲ್ಯೂಮಿನಿಯಂ ತಂತಿ ಹಾಕಿದ್ದಾರೆ. ಜೋಡಣೆಯ ಜಾಗದಲ್ಲಿ ಅದು ಸಡಿಲಾಗಿ ಬಿಸಿಯಾಗಿ ಬೆಂಕಿ ಹತ್ತುವ ಅಪಾಯವಿದೆ. 1978ಕ್ಕಿಂತ ಹಿಂದಿನ ಮನೆಯಾದರೆ ಗೋಡೆಯ ಬಣ್ಣದಲ್ಲಿ ಸೀಸ ಇರಬಹುದು. ಅದರ ಚಕ್ಕೆ, ಧೂಳು ಮಕ್ಕಳ ಹೊಟ್ಟೆ ಸೇರಿದರೆ ಬುದ್ಧಿಯ ಬೆಳವಣಿಗೆಗೇ ಪೆಟ್ಟು. ರೇಡಾನ್ ಎಂಬ, ಬಣ್ಣ ವಾಸನೆ ಇಲ್ಲದ ಅನಿಲವೊಂದು ಮಣ್ಣಿನಿಂದ ಎದ್ದು ಮನೆಯೊಳಗೆ ಶೇಖರವಾಗುತ್ತದೆ. ಅಮೇರಿಕದಲ್ಲಿ ಶ್ವಾಸಕೋಶದ ಕ್ಯಾನ್ಸರಿಗೆ ಧೂಮಪಾನದ ನಂತರದ ದೊಡ್ಡ ಕಾರಣ ಅದೇ. ಸೀಸ, ರೇಡಾನ್, ಗೆದ್ದಲು ಇವುಗಳ ಪರೀಕ್ಷೆ ಸಾಮಾನ್ಯ ತಪಾಸಣೆಯಲ್ಲಿ ಬರುವುದಿಲ್ಲ. ಪ್ರತ್ಯೇಕ ಶುಲ್ಕ, ಅನೇಕ ಕಡೆ ಪ್ರತ್ಯೇಕ ಅರ್ಹತೆಯೂ ಬೇಕು.

ಎಲ್ಲ ನಲ್ಲಿಗಳನ್ನು ತಿರುಗಿಸಿ ನೋಡುವುದು, ಬಿಸಿನೀರಿನ ಹಂಡೆ, ಮನೆ ಬಿಸಿ ಮಾಡುವ ಯಂತ್ರ, ಏಸಿ ಚಾಲೂ ಮಾಡಿ ನೋಡುವುದು, ಕಿಟಕಿ ಬಾಗಿಲು ತೆರೆದು ಮುಚ್ಚುವುದು, ಮೆಟ್ಟಿಲ ಕೈಹಿಡಿ ಅಲುಗಾಡಿಸುವುದು, ಇವೆಲ್ಲ ಪಟ್ಟಿಯಲ್ಲಿವೆ.

ಏನನ್ನು ಮಾಡುವುದಿಲ್ಲ ಎಂಬುದೂ ಅಷ್ಟೇ ಮುಖ್ಯ. ಅವರು ಗೋಡೆ ಒಡೆದು ನೋಡುವುದಿಲ್ಲ. ಕಪಾಟು, ಮಂಚ ಸರಿಸುವುದಿಲ್ಲ. ಕಣ್ಣಿಗೆ ಕಾಣುವುದನ್ನಷ್ಟೇ ನೋಡುತ್ತಾರೆ. ಈ ಛಾವಣಿ ಇನ್ನೆಷ್ಟು ವರ್ಷ ಬಾಳುತ್ತದೆ ಎಂದು ಭವಿಷ್ಯ ನುಡಿಯುವ ಹೊಣೆ ಅವರದಲ್ಲ. ಈ ಬೆಲೆಗೆ ಕೊಳ್ಳಬಹುದೇ ಎಂದು ಕೇಳಿದರೂ ಉತ್ತರಿಸುವುದಿಲ್ಲ. ನೋಡಿದ್ದನ್ನು ನೋಡಿದ ಹಾಗೆ ಬರೆಯುವುದು, ನೋಡಲಾಗದಿದ್ದುದನ್ನು ನೋಡಲಾಗಲಿಲ್ಲ ಎಂದು ಕಾರಣ ಸಮೇತ ಬರೆಯುವುದು, ಅಷ್ಟೇ ಅವರ ಕೆಲಸ.

ಲೈಸೆನ್ಸ್ ಸಿಗುವ ದಾರಿ

ಇದಕ್ಕೆ ಇಂಜಿನಿಯರಿಂಗ್ ಪದವಿ ಬೇಕಿಲ್ಲ. ಅನೇಕ ಹೆಣ್ಣುಮಕ್ಕಳಿಗೆ ಇದೇ ಒಂದು ಬಾಗಿಲು ತೆರೆದಂತೆ. ಹೈಸ್ಕೂಲು, ಅಂದರೆ ನಮ್ಮ ಪಿಯುಸಿ ಮಟ್ಟದ ಓದು ಮುಗಿಸಿದವರು ಪ್ರಯತ್ನಿಸಬಹುದು. ಆದರೆ ಅಮೇರಿಕದಲ್ಲಿ ಈ ವಿಷಯಕ್ಕೆ ದೇಶಕ್ಕೆಲ್ಲ ಒಂದೇ ಕಾನೂನಿಲ್ಲ. ನೀವು ವಾಸಿಸುವ ರಾಜ್ಯ ಏನು ಹೇಳುತ್ತದೋ ಅದೇ ನಿಯಮ.

ನ್ಯೂಯಾರ್ಕ್ ರಾಜ್ಯವನ್ನೇ ತೆಗೆದುಕೊಳ್ಳಿ. ಅಲ್ಲಿ 140 ಗಂಟೆಗಳ ತರಬೇತಿ ಮುಗಿಸಬೇಕು. ಅದರಲ್ಲಿ 100 ಗಂಟೆ ಪಾಠ, 40 ಗಂಟೆ ಲೈಸೆನ್ಸ್ ಇರುವ ಇನ್‌ಸ್ಪೆಕ್ಟರ್ ಜೊತೆ ನಿಜವಾದ ಮನೆಗಳಲ್ಲಿ ಕೆಲಸ. ಆಮೇಲೆ ರಾಜ್ಯ ಒಪ್ಪಿದ ಪರೀಕ್ಷೆ ಪಾಸಾಗಬೇಕು. ಲೈಸೆನ್ಸಿನ ಅವಧಿ ಎರಡು ವರ್ಷ. ನವೀಕರಿಸಬೇಕಾದರೆ ಆ ಎರಡು ವರ್ಷಗಳಲ್ಲಿ 24 ಗಂಟೆ ಮತ್ತೆ ಓದಬೇಕು. ಜೊತೆಗೆ ಒಂದು ಘಟನೆಗೆ ಕನಿಷ್ಠ ಒಂದೂವರೆ ಲಕ್ಷ ಡಾಲರ್, ಒಟ್ಟಾರೆ 5 ಲಕ್ಷ ಡಾಲರ್ ಮೊತ್ತದ ವಿಮೆ ಮಾಡಿಸಿರಬೇಕು.

ಪಕ್ಕದ ನ್ಯೂಜೆರ್ಸಿಗೆ ಹೋದರೆ 180 ಗಂಟೆಗಳ ತರಬೇತಿ ಬೇಕು. ಇಲಿನಾಯ್ ರಾಜ್ಯದಲ್ಲಿ ಪಾಠದ ಅವಧಿ 60 ಗಂಟೆ. ಕ್ಯಾಲಿಫೋರ್ನಿಯಾ, ಮಿಷಿಗನ್, ಕೊಲರಾಡೋ ರಾಜ್ಯಗಳಲ್ಲಿ ರಾಜ್ಯದ ಲೈಸೆನ್ಸೇ ಇಲ್ಲ. ಅಂತಹ ಕಡೆ ವೃತ್ತಿ ಸಂಘಗಳ ಸದಸ್ಯತ್ವವೇ ಜನರ ನಂಬಿಕೆಗೆ ಆಧಾರ.

ಅನೇಕ ರಾಜ್ಯಗಳು ಒಪ್ಪುವ ಪರೀಕ್ಷೆಯೊಂದಿದೆ. ಅದು ರಾಷ್ಟ್ರೀಯ ಹೋಮ್ ಇನ್‌ಸ್ಪೆಕ್ಟರ್ ಪರೀಕ್ಷೆ. ನಾಲ್ಕು ಗಂಟೆಯಲ್ಲಿ 200 ಪ್ರಶ್ನೆಗಳು. ಪ್ರತಿಯೊಂದಕ್ಕೂ ಕೆಲವು ಉತ್ತರಗಳನ್ನು ಕೊಟ್ಟಿರುತ್ತಾರೆ, ಸರಿಯಾದುದನ್ನು ಆರಿಸಬೇಕು. ಕಂಪ್ಯೂಟರಿನ ಮುಂದೆ ಕುಳಿತು ಬರೆಯುವ ಪರೀಕ್ಷೆ. ಅಡಿಪಾಯ, ಛಾವಣಿ, ಕೊಳಾಯಿ, ವಿದ್ಯುತ್, ಬಿಸಿ ಮತ್ತು ತಂಪಿನ ವ್ಯವಸ್ಥೆ ಇವುಗಳ ಜೊತೆ ವರದಿ ಬರೆಯುವ ಕ್ರಮದ ಬಗ್ಗೆ, ಗಿರಾಕಿಯ ಬಗೆಗಿನ ಹೊಣೆಗಾರಿಕೆಯ ಬಗ್ಗೆಯೂ ಪ್ರಶ್ನೆಗಳಿರುತ್ತವೆ.

ಕನ್ನಡ ಮಾಧ್ಯಮದಲ್ಲಿ ಓದಿದ ಸಹೋದರಿಯರು ಹೆದರಬೇಕಿಲ್ಲ. ಪರೀಕ್ಷೆಯಲ್ಲಿ ಬರುವುದು ಕಥೆ ಕಾದಂಬರಿಯ ಇಂಗ್ಲಿಷ್ ಅಲ್ಲ. ಮನೆಯ ಭಾಗಗಳ ಹೆಸರುಗಳನ್ನು ಚಿತ್ರ ನೋಡುತ್ತಾ ಕಲಿತರೆ ಅರ್ಧ ಪರೀಕ್ಷೆ ಗೆದ್ದಂತೆ. ಕಷ್ಟವಿರುವುದು 40 ಗಂಟೆಯ ಹೊರಗಿನ ಕೆಲಸದಲ್ಲಿ. ಹೊಸಬರನ್ನು ಜೊತೆಗೆ ಕರೆದೊಯ್ಯಲು ಒಪ್ಪುವ ಅನುಭವಿ ಇನ್‌ಸ್ಪೆಕ್ಟರ್ ಸಿಗುವುದು ಸುಲಭವಲ್ಲ. ಆದ್ದರಿಂದ ತರಬೇತಿಗೆ ಸೇರುವ ಮೊದಲೇ, ಹೊರಗಿನ ಕೆಲಸದ ವ್ಯವಸ್ಥೆಯನ್ನು ನೀವೇ ಮಾಡಿಸುತ್ತೀರೋ ನಾವು ಹುಡುಕಿಕೊಳ್ಳಬೇಕೋ ಎಂದು ಸಂಸ್ಥೆಯನ್ನು ಕೇಳಿ.

ಇನ್ನೊಂದು ಮಾತು. ಪತಿಯ ಉದ್ಯೋಗದ ಆಧಾರದಲ್ಲಿ ಡಿಪೆಂಡೆಂಟ್ ವೀಸಾದ ಮೇಲೆ ಹೋದ ಎಲ್ಲರಿಗೂ ಅಮೇರಿಕದಲ್ಲಿ ತಾನಾಗಿಯೇ ದುಡಿಯುವ ಹಕ್ಕು ಬರುವುದಿಲ್ಲ. ಅನೇಕರಿಗೆ ಕೆಲಸ ಮಾಡಲು ಅನುಮತಿ ಪತ್ರ ಬೇಕು. ನಿಮಗೆ ಬೇಕಾದರೆ ಅದು ಕೈಯಲ್ಲಿದೆಯೇ ಎಂದು ನೋಡಿಕೊಂಡೇ ಶುಲ್ಕ ಕಟ್ಟಿರಿ.

ಈ ಕೆಲಸ ಹೆಣ್ಣುಮಕ್ಕಳಿಗೆ ಆಗುತ್ತದೆಯೇ?

ಅಲ್ಲಿಯೂ ಈ ವೃತ್ತಿಯಲ್ಲಿ ಗಂಡಸರೇ ಹೆಚ್ಚು. ಏಣಿ ಹತ್ತಬೇಕು, ಧೂಳಿನ ಅಟ್ಟಕ್ಕೆ ನುಗ್ಗಬೇಕು, ಬೇಸಿಗೆಯಲ್ಲಿ ಬೆವರಬೇಕು. ಅದನ್ನು ಮುಚ್ಚಿಡುವಂತಿಲ್ಲ. ಆದರೆ ಹೊರೆ ಹೊರುವ ಕೆಲಸವಲ್ಲ. ಬೇಕಾದುದು ತಾಳ್ಮೆ, ಸೂಕ್ಷ್ಮ ಕಣ್ಣು, ಕಂಡದ್ದನ್ನು ಸ್ಪಷ್ಟವಾಗಿ ಬರೆಯುವ ಶಕ್ತಿ. ಅಕ್ಕಿಯಲ್ಲಿ ಕಲ್ಲು ಆರಿಸಿ ಅಭ್ಯಾಸವಾದ ಕಣ್ಣಿಗೆ ಇದು ತೀರಾ ಹೊಸದಲ್ಲ. ಹೊತ್ತು ಗೊತ್ತು ಮಾಡಿಕೊಂಡು ಹೋಗುವ ಕೆಲಸವಾದ್ದರಿಂದ ಮಕ್ಕಳು ಶಾಲೆಗೆ ಹೋಗುವ ವೇಳೆಗೆ ಹೊಂದಿಸಿಕೊಳ್ಳಬಹುದು. ವರದಿಯನ್ನು ಮನೆಯಲ್ಲಿ ಕುಳಿತು ಬರೆಯಬಹುದು.

ಉಡುಪು ಯಾವುದೇ ಇರಲಿ, ಅದು ಸಡಿಲವಾಗಿ ತೂಗಾಡಬಾರದು ಎಂಬುದೊಂದೇ ಸುರಕ್ಷತೆಯ ಮಾತು. ತಲೆವಸ್ತ್ರವನ್ನು ಪಿನ್ನು ಹಾಕಿ ಒಳಗೆ ಸೇರಿಸಿ, ಮೇಲೊಂದು ಉದ್ದ ಕೋಟು, ಕಾಲಿಗೆ ಜಾರದ ಬೂಟು ಹಾಕಿಕೊಂಡರೆ ಸಾಕು. ಖಾಲಿ ಮನೆಗೆ ಒಬ್ಬರೇ ಹೋಗುವ ಪ್ರಸಂಗ ಬರುವುದರಿಂದ ಕೊಳ್ಳುವವರೋ ಏಜೆಂಟರೋ ಜೊತೆಗಿರುವ ವೇಳೆಯನ್ನೇ ಗೊತ್ತು ಮಾಡಿಕೊಳ್ಳುವುದು, ಎಲ್ಲಿಗೆ ಹೋಗುತ್ತಿದ್ದೇನೆಂದು ಮನೆಯವರಿಗೆ ತಿಳಿಸುವುದು ಒಳ್ಳೆಯದು. ಮೊದಲ ವರ್ಷ ಗಿರಾಕಿಗಳು ಕಡಿಮೆ. ವಿಮೆ, ಲೈಸೆನ್ಸ್, ಏಣಿ, ತೇವ ಅಳೆಯುವ ಉಪಕರಣ, ಇವುಗಳ ಖರ್ಚು ಮಾತ್ರ ಮೊದಲ ದಿನದಿಂದಲೇ ಇರುತ್ತದೆ. ಮನೆಯ ಇನ್ನೊಂದು ಆದಾಯ ನಂಬಿಕೊಂಡು ನಿಧಾನವಾಗಿ ಶುರು ಮಾಡುವುದು ಜಾಣತನ.

ಯಾರ ಪರ?

ಪರೀಕ್ಷೆ, ತರಬೇತಿ, ವಿಮೆ ಇವೆಲ್ಲ ಲೈಸೆನ್ಸಿನ ಹೊರಮೈ. ಅದರ ಜೀವ ಇರುವುದು ಬೇರೊಂದು ಕಡೆ. ತಪಾಸಿಸುವವರು ಯಾರ ಪರ?

ಯೋಚಿಸಿ ನೋಡಿ. ಇನ್‌ಸ್ಪೆಕ್ಟರ್ ತಾನೇ ರಿಪೇರಿಯನ್ನೂ ಮಾಡುವವರಾದರೆ ಇಲ್ಲದ ದೋಷ ತೋರಿಸಿ ಕೆಲಸ ಗಿಟ್ಟಿಸಬಹುದು. ಏಜೆಂಟ್ ಕಳಿಸಿದ ಇನ್‌ಸ್ಪೆಕ್ಟರ್ ಆದರೆ ಇರುವ ದೋಷವನ್ನು ಮೆಲ್ಲಗೆ ಹೇಳಿ ವ್ಯಾಪಾರ ಕೆಡದಂತೆ ನೋಡಿಕೊಳ್ಳಬಹುದು. ಎರಡರಲ್ಲೂ ಮೋಸ ಹೋಗುವುದು ಕೊಳ್ಳುವ ಕುಟುಂಬವೇ. ಲೈಸೆನ್ಸ್ ಇಲ್ಲದ ಕ್ಯಾಲಿಫೋರ್ನಿಯಾದಲ್ಲೂ, ಇನ್‌ಸ್ಪೆಕ್ಟರ್ ತಾನು ವರದಿ ಕೊಟ್ಟ ಮನೆಯಲ್ಲಿ 12 ತಿಂಗಳೊಳಗೆ ರಿಪೇರಿ ಕೆಲಸ ಮಾಡುವಂತಿಲ್ಲ ಎಂಬ ಕಾನೂನಿದೆ. ಮಸಾಚುಸೆಟ್ಸ್ ರಾಜ್ಯದಲ್ಲಿ ಮಾರುವವರ ಪರ ಇರುವ ಏಜೆಂಟ್, ಇಂಥ ಇನ್‌ಸ್ಪೆಕ್ಟರನ್ನೇ ಕರೆಯಿರಿ ಎಂದು ಹೆಸರಿಸುವಂತಿಲ್ಲ.

ಅದೇ ರಾಜ್ಯ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. 2020 ಮತ್ತು 2021ರ ಕೊರೋನಾ ದಿನಗಳಲ್ಲಿ ಅಮೇರಿಕದಲ್ಲಿ ಮನೆಗಳಿಗೆ ವಿಪರೀತ ಪೈಪೋಟಿ ಎದ್ದಿತು. ತಪಾಸಣೆಯೇ ಬೇಡ, ಹಾಗೆಯೇ ಕೊಳ್ಳುತ್ತೇವೆ ಎಂದವರಿಗೆ ಮನೆ ಸಿಗತೊಡಗಿತು. ಮೊದಲ ಮನೆ ಕೊಳ್ಳುವ ಕುಟುಂಬಗಳು ಕಣ್ಣು ಮುಚ್ಚಿಕೊಂಡು ಸಹಿ ಹಾಕುವಂತಾಯಿತು. 2025ರ ಅಕ್ಟೋಬರ್ 15ರಿಂದ ಮಸಾಚುಸೆಟ್ಸ್‌ನಲ್ಲಿ ಜಾರಿಗೆ ಬಂದ ನಿಯಮದಂತೆ, ತಪಾಸಣೆ ಬಿಟ್ಟುಕೊಟ್ಟರೆ ಮಾತ್ರ ಮಾರುತ್ತೇನೆ ಎಂದು ಮಾರುವವರು ಷರತ್ತು ಹಾಕುವಂತಿಲ್ಲ.

ಮಾರುವ ವಸ್ತುವಿನ ದೋಷ ಬಚ್ಚಿಡಬಾರದು ಎಂಬುದು ನಮಗೆ ಹೊಸ ಪಾಠವಲ್ಲ. ಪ್ರವಾದಿವರ್ಯರು(ಸ) ಪೇಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈ ಹಾಕಿ, ಅಡಿಯಲ್ಲಿದ್ದ ತೇವವನ್ನು ಕಂಡುಹಿಡಿದು, ಅದನ್ನು ಜನರ ಕಣ್ಣಿಗೆ ಬೀಳುವಂತೆ ಮೇಲಿಡಬಾರದಿತ್ತೇ ಎಂದು ವ್ಯಾಪಾರಿಯನ್ನು ಪ್ರಶ್ನಿಸಿದ ಪ್ರಸಂಗವನ್ನು ನೀವು ಕೇಳಿದ್ದೀರಿ. ಒಳ್ಳೆಯ ಇನ್‌ಸ್ಪೆಕ್ಟರ್ ಮಾಡುವುದೂ ಇದನ್ನೇ. ಮೇಲಿನ ಒಣ ಕಾಳನ್ನು ನಂಬದೆ ಅಡಿಗೆ ಕೈ ಹಾಕಿ ನೋಡುವುದು.

ಶುಲ್ಕ ಕಟ್ಟುವ ಮೊದಲು ಇದನ್ನು ಓದಿ

ಲೈಸೆನ್ಸ್ ಸಿಗುತ್ತದೆ, ಕೆಲಸ ಖಾತ್ರಿ ಎಂಬ ಜಾಹೀರಾತು ಕಂಡಾಗಲೆಲ್ಲ ಇಂಗ್ಲೆಂಡಿನಲ್ಲಿ ನಡೆದುದನ್ನು ನೆನಪಿಡಿ. ಅಲ್ಲಿ 2004ರ ವಸತಿ ಕಾಯ್ದೆಯಡಿ ಮನೆ ಮಾರುವವರೇ ಮನೆಯ ಮಾಹಿತಿಯ ಒಂದು ಕಟ್ಟು ತಯಾರಿಸಬೇಕೆಂಬ ಯೋಜನೆ ಬಂತು. ಅದರಲ್ಲಿ ಮನೆಯ ಸ್ಥಿತಿಯ ವರದಿಯೂ ಕಡ್ಡಾಯವಾಗಬೇಕಿತ್ತು. ಆ ವರದಿ ಬರೆಯಲು ಹೋಮ್ ಇನ್‌ಸ್ಪೆಕ್ಟರುಗಳು ಬೇಕು, ಅದಕ್ಕೊಂದು ಡಿಪ್ಲೊಮಾ ಬೇಕು ಎಂದಾಯಿತು. ಸಾವಿರಾರು ಮಂದಿ ಹಣ ಸುರಿದು ತರಬೇತಿಗೆ ಸೇರಿದರು. ಇದ್ದ ಕೆಲಸ ಬಿಟ್ಟು ಬಂದವರೂ ಇದ್ದರು. 2006ರ ಜುಲೈಯಲ್ಲಿ, ಯೋಜನೆ ಶುರುವಾಗುವ ಮೊದಲೇ, ಸರಕಾರ ಆ ವರದಿಯನ್ನು ಕಡ್ಡಾಯ ಪಟ್ಟಿಯಿಂದ ಕೈಬಿಟ್ಟಿತು. 2007ರ ಆಗಸ್ಟಿನಲ್ಲಿ ಉಳಿದ ಕಾಗದಗಳೊಡನೆ ಯೋಜನೆ ಶುರುವಾಯಿತಾದರೂ 2010ರ ಮೇ ತಿಂಗಳಲ್ಲಿ ಬಂದ ಹೊಸ ಸರಕಾರ ಅದನ್ನೂ ನಿಲ್ಲಿಸಿತು. ಪ್ರಮಾಣಪತ್ರ ಕೈಯಲ್ಲಿ ಉಳಿಯಿತು, ಕೆಲಸ ಮಾಯವಾಯಿತು.

ಇದರಿಂದ ಕಲಿಯಬೇಕಾದುದು ಇಷ್ಟು. ಕಾನೂನು ಈಗ ಜಾರಿಯಲ್ಲಿದೆಯೇ, ಮುಂದೆ ಬರಲಿದೆಯೇ? ಲೈಸೆನ್ಸ್ ಕೊಡುವುದು ಸರಕಾರದ ಇಲಾಖೆಯೋ, ಶುಲ್ಕ ಪಡೆಯುವ ಸಂಸ್ಥೆಯೋ? ಆ ಸಂಸ್ಥೆಯ ತರಬೇತಿಯನ್ನು ಇಲಾಖೆ ಮಾನ್ಯ ಮಾಡಿದೆಯೇ? ಈ ಮೂರು ಪ್ರಶ್ನೆಗಳಿಗೆ ಇಲಾಖೆಯಿಂದಲೇ ಉತ್ತರ ಪಡೆಯಿರಿ. ಸಂಸ್ಥೆಯ ಬಾಯಿಮಾತು ಸಾಲದು.

ನಮ್ಮಲ್ಲಿ ಹೇಗೆ?

ಭಾರತದಲ್ಲಿ ಹೋಮ್ ಇನ್‌ಸ್ಪೆಕ್ಟರ್ ಎಂಬ ಸರಕಾರಿ ಲೈಸೆನ್ಸ್ ಇಲ್ಲ. ಆದ್ದರಿಂದ ಯಾರಾದರೂ ಅಂತಹ ಲೈಸೆನ್ಸ್ ಕೊಡಿಸುತ್ತೇವೆಂದು ಹಣ ಕೇಳಿದರೆ ಎಚ್ಚರ. ಬೆಂಗಳೂರಿನಂಥ ನಗರಗಳಲ್ಲಿ ಹೊಸ ಫ್ಲ್ಯಾಟ್ ತಪಾಸಿಸಿ ವರದಿ ಕೊಡುವ ಖಾಸಗಿಯವರಿದ್ದಾರೆ. ಸಿವಿಲ್ ಡಿಪ್ಲೊಮಾ ಅಥವಾ ಇಂಜಿನಿಯರಿಂಗ್ ಮುಗಿಸಿ ಮನೆಯಲ್ಲಿ ಕುಳಿತ ಹೆಣ್ಣುಮಕ್ಕಳು ನಮ್ಮ ನಡುವೆ ಎಷ್ಟೋ ಇದ್ದಾರೆ. ಅವರಿಗೆ ಈ ಕೆಲಸ ಹೇಳಿ ಮಾಡಿಸಿದಂತಿದೆ. ಕಾನೂನಿನ ಮಾನ್ಯತೆಯುಳ್ಳ ದಾರಿ ಬೇಕೆನ್ನುವವರಿಗೆ ಇನ್ನೊಂದಿದೆ. 2017ರ ನಿಯಮಗಳಂತೆ ನೋಂದಾಯಿತ ಮೌಲ್ಯಮಾಪಕರಾಗಬಹುದು. ಭೂಮಿ ಮತ್ತು ಕಟ್ಟಡದ ವಿಭಾಗಕ್ಕೆ ಸಿವಿಲ್ ಇಂಜಿನಿಯರಿಂಗ್ ಅಥವಾ ವಾಸ್ತುಶಿಲ್ಪದಂಥ ಪದವಿ, ಕೆಲವು ವರ್ಷಗಳ ಅನುಭವ, 50 ಗಂಟೆಗಳ ತರಬೇತಿ, ಕೊನೆಗೊಂದು ಪರೀಕ್ಷೆ. ಆದರೆ ಅದು ಬೆಲೆ ಕಟ್ಟುವ ಕೆಲಸ, ದೋಷ ಹುಡುಕುವ ಕೆಲಸವಲ್ಲ ಎಂಬುದು ನೆನಪಿರಲಿ.

ಮನೆ ಕೊಳ್ಳುವ ನಿಮ್ಮನ್ನು ಕಾನೂನು ಪೂರ್ತಿ ಕೈಬಿಟ್ಟಿಲ್ಲ. 2016ರ ರೇರಾ ಕಾಯ್ದೆಯ 14ನೇ ಕಲಮಿನಂತೆ, ಬಿಲ್ಡರಿನಿಂದ ಮನೆ ಸ್ವಾಧೀನಕ್ಕೆ ಬಂದ 5 ವರ್ಷಗಳೊಳಗೆ ಕಟ್ಟಡದ ರಚನೆಯಲ್ಲಿ ಅಥವಾ ಕೆಲಸದ ಗುಣಮಟ್ಟದಲ್ಲಿ ದೋಷ ಕಂಡು ತಿಳಿಸಿದರೆ 30 ದಿನಗಳೊಳಗೆ ಉಚಿತವಾಗಿ ಸರಿಪಡಿಸುವುದು ಬಿಲ್ಡರಿನ ಹೊಣೆ. ಮಾಡದಿದ್ದರೆ ಕರ್ನಾಟಕ ರೇರಾ ಪ್ರಾಧಿಕಾರಕ್ಕೆ ದೂರು ಕೊಡಬಹುದು. ನಿಮ್ಮದೇ ಸೈಟಿನಲ್ಲಿ ಕಂಟ್ರಾಕ್ಟರ್ ಕಟ್ಟಿಕೊಟ್ಟ ಮನೆಗೆ ಇದು ಅನ್ವಯಿಸದು. ಅದಕ್ಕೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಇದೆ. ಹಳೆಯ ಮನೆಯನ್ನು ಮಾಲೀಕರಿಂದ ಕೊಳ್ಳುವಾಗ, ತನಗೆ ಗೊತ್ತಿರುವ, ಕೊಳ್ಳುವವರು ಸಾಮಾನ್ಯ ಎಚ್ಚರಿಕೆಯಿಂದ ಕಂಡುಹಿಡಿಯಲಾಗದ ದೊಡ್ಡ ದೋಷವನ್ನು ಮಾರುವವರು ತಿಳಿಸಲೇಬೇಕೆಂದು 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಕಲಮು ಹೇಳುತ್ತದೆ. ಸಾಮಾನ್ಯ ಎಚ್ಚರಿಕೆಯಿಂದ ಕಾಣುವ ದೋಷವನ್ನು ನೋಡಿಕೊಳ್ಳುವ ಹೊಣೆ ಮಾತ್ರ ನಿಮ್ಮದೇ.

ಆ ಸಾಮಾನ್ಯ ಎಚ್ಚರಿಕೆ ಹೇಗಿರಬೇಕು? ಮನೆ ನೋಡಲು ಹೋಗುವಾಗ ಇದನ್ನು ಕತ್ತರಿಸಿಟ್ಟುಕೊಂಡು ಹೋಗಿ.

1. ಸಾಧ್ಯವಾದರೆ ಮಳೆಗಾಲದಲ್ಲಿ, ಜೋರು ಮಳೆಯ ಮರುದಿನ ನೋಡಿ. ಮೇಲಂತಸ್ತಿನ ಛಾವಣಿ, ಕಿಟಕಿಯ ಮೂಲೆಗಳು, ಬಚ್ಚಲಿಗೆ ತಾಗಿದ ಗೋಡೆಯ ಹಿಂಬದಿ ಮುಟ್ಟಿ ನೋಡಿ. ಇಡೀ ಮನೆ ಹಳೆ ಬಣ್ಣದಲ್ಲಿದ್ದು ಒಂದೇ ಮೂಲೆಗೆ ಹೊಸ ಬಣ್ಣ ಬಳಿದಿದ್ದರೆ ಏಕೆಂದು ಕೇಳಿ.

2. ನಾಣ್ಯದಿಂದ ನೆಲದ ಟೈಲ್ಸ್ ತಟ್ಟುತ್ತಾ ಹೋಗಿ. ಪೊಳ್ಳು ಸದ್ದು ಬಂದರೆ ಅಡಿಯಲ್ಲಿ ಸಿಮೆಂಟ್ ಸರಿಯಾಗಿ ಹಿಡಿದಿಲ್ಲ.

3. ಬಚ್ಚಲಿಗೆ ಒಂದು ಬಕೆಟ್ ನೀರು ಸುರಿಯಿರಿ. ನೀರು ಜಾಲರಿಯ ಕಡೆ ಓಡುತ್ತದೆಯೇ, ಮೂಲೆಯಲ್ಲಿ ನಿಲ್ಲುತ್ತದೆಯೇ? ಎಲ್ಲ ನಲ್ಲಿಗಳನ್ನು ಒಟ್ಟಿಗೆ ತಿರುಗಿಸಿ ರಭಸ ನೋಡಿ.

4. ಬಿರುಕುಗಳನ್ನು ನೋಡಿ. ಗಾರೆಯಲ್ಲಿ ಕೂದಲೆಳೆಯಷ್ಟು ಬಿರುಕು ಸಾಮಾನ್ಯ. ಬಾಗಿಲು ಕಿಟಕಿಯ ಮೂಲೆಯಿಂದ ಓರೆಯಾಗಿ ಹೊರಟ, ನಾಣ್ಯ ತೂರುವಷ್ಟು ಅಗಲದ ಬಿರುಕಾದರೆ ಇಂಜಿನಿಯರರಿಗೆ ತೋರಿಸದೆ ಮುಂಗಡ ಕೊಡಬೇಡಿ.

5. ಕರಾವಳಿಯ ಉಪ್ಪು ಗಾಳಿಗೆ ಕಾಂಕ್ರೀಟಿನ ಒಳಗಿನ ಕಬ್ಬಿಣ ತುಕ್ಕು ಹಿಡಿಯುತ್ತದೆ. ತಾರಸಿಯ ಅಡಿಭಾಗದಲ್ಲಿ ಕಂದು ಕಲೆ, ಉದುರಿದ ಚಕ್ಕೆಗಳಿವೆಯೇ ನೋಡಿ.

6. ಮೇನ್ ಬೋರ್ಡಿನಲ್ಲಿ ಶಾಕ್ ತಡೆಯುವ ಇ.ಎಲ್.ಸಿ.ಬಿ. ಅಥವಾ ಆರ್.ಸಿ.ಸಿ.ಬಿ. ಸ್ವಿಚ್ಚಿದೆಯೇ ಕೇಳಿ. ಅದರ ಪರೀಕ್ಷಾ ಗುಂಡಿ ಒತ್ತಿದಾಗ ಟಪ್ಪೆಂದು ಕೆಳಗೆ ಬೀಳಬೇಕು. ಬೀಳದಿದ್ದರೆ ಅದು ಇದ್ದೂ ಇಲ್ಲದಂತೆ.

7. ಬಾಗಿಲ ದಾರಂದದ ಬುಡದಲ್ಲಿ ಮಣ್ಣಿನ ಗೆರೆಯಿದ್ದರೆ ಗೆದ್ದಲು. ಮರವನ್ನು ತಟ್ಟಿ ನೋಡಿ.

8. ಬಾವಿ ಇರುವ ಮನೆಯಾದರೆ ಶೌಚದ ಗುಂಡಿ ಎಲ್ಲಿದೆ, ಪಕ್ಕದ ಮನೆಯ ಗುಂಡಿ ಎಲ್ಲಿದೆ ಎಂದು ವಿಚಾರಿಸಿ. ನೀರನ್ನು ಪ್ರಯೋಗಾಲಯಕ್ಕೆ ಕೊಟ್ಟು ಪರೀಕ್ಷಿಸಿ.

ಕಂಡದ್ದನ್ನೆಲ್ಲ ದಿನಾಂಕದೊಡನೆ ಬರೆದಿಡಿ, ಮೊಬೈಲಿನಲ್ಲಿ ಫೋಟೋ ತೆಗೆದಿಡಿ. ಬಿಲ್ಡರಿಗೆ ಬಾಯಲ್ಲಿ ಹೇಳಿ ಸುಮ್ಮನಾಗಬೇಡಿ. ಸ್ಪೀಡ್ ಪೋಸ್ಟಿನಲ್ಲೋ ಈಮೇಲಿನಲ್ಲೋ ಕಳುಹಿಸಿ ಪ್ರತಿ ಇಟ್ಟುಕೊಳ್ಳಿ. ನಾಳೆ ದೂರು ಕೊಡುವ ದಿನ ಬಂದರೆ ಆ ಕಾಗದವೇ ಸಾಕ್ಷಿ.

ಇಷ್ಟಾದ ಮೇಲೂ, ಮುಂಗಡ ಕೊಡುವ ಮುನ್ನ ಒಬ್ಬ ಸಿವಿಲ್ ಇಂಜಿನಿಯರನ್ನು ಹಣ ಕೊಟ್ಟು ಕರೆದೊಯ್ಯಿರಿ. ಬಿಲ್ಡರಿನ ಪರಿಚಯದವರು ಬೇಡ, ಬ್ರೋಕರ್ ಸೂಚಿಸಿದವರೂ ಬೇಡ. ಸುಮ್ಮನೆ ಬಂದು ನೋಡಿ ಹೋಗುವ ಸಂಬಂಧಿಕರೂ ಬೇಡ. ದಾಕ್ಷಿಣ್ಯಕ್ಕೆ ಬಂದವರು ದಾಕ್ಷಿಣ್ಯಕ್ಕೇ ಮಾತಾಡುತ್ತಾರೆ. ನಿಮ್ಮಿಂದ ಶುಲ್ಕ ಪಡೆದು, ನಿಮಗೆ ಮಾತ್ರ ಉತ್ತರಿಸಬೇಕಾದವರೇ ಆಗಬೇಕು, ಮತ್ತು ಹೇಳಿದ್ದನ್ನು ಬರೆದು ಸಹಿ ಹಾಕಿ ಕೊಡಬೇಕು. ಆ ಕೆಲವು ಸಾವಿರ ರೂಪಾಯಿ ಉಳಿಸಲು ಹೋಗಿ ಲಕ್ಷಗಟ್ಟಲೆ ಕಳೆದುಕೊಳ್ಳುವುದು ಬೇಡ. ಮನೆಯಲ್ಲಿ ಗಂಡಸರು ಇದೆಲ್ಲ ಏಕೆ ಎಂದು ಅವಸರಪಟ್ಟರೂ ನೀವು ಪಟ್ಟು ಬಿಡಬೇಡಿ. ಆ ಮನೆಯಲ್ಲಿ ದಿನದ ಹೆಚ್ಚು ಹೊತ್ತು ಕಳೆಯುವವರು, ಸೋರುವ ಮೂಲೆಗೆ ಪಾತ್ರೆ ಇಡುವವರು ನೀವೇ.